ಅತ್ತೆ ಮಾವ ಬರುತ್ತಿದ್ದಾರೆ, ಮೀಥ್ ಕೌಂಟಿಯಲ್ಲಿ ಕಡಿಮೆ ಖರ್ಚಲ್ಲಿ ಎಲ್ಲಿ ಸುತ್ತಾಡೋಣ?

ಪ್ರಶ್ನೆ: ನಾವು ದಾವಣಗೆರೆಯವರು. ಒಂದೂವರೆ ವರ್ಷದಿಂದ ಐರ್ಲೆಂಡ್‌ನ ಮೀಥ್ ಕೌಂಟಿಯ ನ್ಯಾವನ್ ಊರಿನಲ್ಲಿದ್ದೇವೆ. ನಾನು ನರ್ಸ್. ಮಕ್ಕಳಿಗೆ ಹನ್ನೊಂದು ಮತ್ತು ಆರು ವರ್ಷ. ಜೂನ್‌ನಲ್ಲಿ ಅತ್ತೆ ಮಾವ ಮೂರು ತಿಂಗಳಿಗೆ ಬರುತ್ತಿದ್ದಾರೆ. ಮಾವನಿಗೆ ಮಂಡಿ ನೋವು. ಹೋದ ಸಲ ಮಕ್ಕಳನ್ನು ಒಂದು ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋದಾಗ ಒಂದೇ ದಿನಕ್ಕೆ ಖರ್ಚು ನೂರು ಯೂರೊ ದಾಟಿತು. ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಜಾಸ್ತಿ ಉಳಿಯುವುದಿಲ್ಲ. ಒಂದು ಹಳೇ ಕಾರಿದೆ. ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಎಲ್ಲಿಗೆ ಹೋಗಬಹುದು?

ಉತ್ತರ: ನೀವು ಬಾಡಿಗೆಗೆ ಇರುವ ಊರು ಐರ್ಲೆಂಡ್‌ನಲ್ಲೇ ತುಂಬಾ ಅದೃಷ್ಟದ ಜಾಗದಲ್ಲಿದೆ. ಮೀಥ್ ಅಂದರೆ ಹಳೇ ಕಾಲದಲ್ಲಿ ರಾಜರ ಸೀಮೆ. ಐದು ಸಾವಿರ ವರ್ಷದ ಹಿಂದಿನ ಕಲ್ಲಿನ ಗೋರಿಗಳು, ಮಠಗಳು, ಕೋಟೆ, ಇವೆಲ್ಲ ನಿಮ್ಮ ಮನೆಯಿಂದ ಮುಕ್ಕಾಲು ಗಂಟೆಯೊಳಗೆ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ನಾನು ಈ ಕೌಂಟಿಯಲ್ಲಿ ಹಲವು ವರ್ಷಗಳಿಂದ ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಸುತ್ತಾಡಿಸುತ್ತಾ ಬಂದಿದ್ದೇನೆ. ಕಂಡುಕೊಂಡದ್ದು ಇಷ್ಟೇ: ಇಲ್ಲಿ ದಿನ ಕೆಡುವುದು ಹಣ ಕಡಿಮೆಯಾಗಿ ಅಲ್ಲ, ಕಥೆ ಗೊತ್ತಿಲ್ಲದೆ. ಟಾರಾ ಗುಡ್ಡಕ್ಕೆ ಸುಮ್ನೆ ಹೋದರೆ ನಿಮ್ಮ ಮಾವ "ಇದೇನು, ಹುಲ್ಲುಗಾವಲು ಅಲ್ವಾ?" ಅಂತಾರೆ. ಕಥೆ ಗೊತ್ತಿದ್ದರೆ ಅಲ್ಲಿಂದ ಏಳುವುದಿಲ್ಲ. ಅದಕ್ಕೇ ಜಾಗದ ಜೊತೆ ಕಥೆಯನ್ನೂ ಬರೆಯುತ್ತಿದ್ದೇನೆ. ಕಾರಿನಲ್ಲಿ ಹೋಗುವಾಗ ಮಕ್ಕಳಿಗೆ ಹೇಳಿ.

ಮೊದಲು ಟಾರಾ, ಹಳೇ ಐರಿಷ್ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಗುಡ್ಡ. ನ್ಯಾವನ್‌ನಿಂದ ಕಾರಿನಲ್ಲಿ ಹದಿನೈದು ನಿಮಿಷ. ಕಾರಿಲ್ಲದ ದಿನ ಡಬ್ಲಿನ್ ಕಡೆಗೆ ಹೋಗುವ 109 ಬಸ್ಸು ಹತ್ತಿ ಟಾರಾ ಕ್ರಾಸ್‌ನಲ್ಲಿ ಇಳಿಯಬಹುದು. ಅಲ್ಲಿಂದ ನಡೆಯಬೇಕು, ಮಾವನಿಗೆ ಅದು ಆಗಲಿಕ್ಕಿಲ್ಲ. ಟಿಕೆಟ್ ಇಲ್ಲ, ಬಾಗಿಲೂ ಇಲ್ಲ. ಬೆಳಗ್ಗೆ ಆರಕ್ಕೂ ಹೋಗಬಹುದು, ರಾತ್ರಿ ಒಂಬತ್ತಕ್ಕೂ ಹೋಗಬಹುದು. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆ ಹತ್ತಿರ. ಹಾಗಾಗಿ ನಾನು ಹೇಳುವುದು ಸಂಜೆ. ಡ್ಯೂಟಿ ಮುಗಿಸಿ, ಊಟ ಡಬ್ಬಿಗೆ ಹಾಕಿಕೊಂಡು ಏಳು ಗಂಟೆಗೆ ಹೊರಡಿ.

ಕಾರ್ ನಿಲ್ಲಿಸಿದ ಜಾಗದ ಪಕ್ಕದಲ್ಲೇ ಕಾಫಿ ಅಂಗಡಿ ಇದೆ, ಹಗಲಲ್ಲಿ ತೆರೆದಿರುತ್ತದೆ. ಚರ್ಚಿನ ಅಂಗಳ ದಾಟಿದರೆ ಗುಡ್ಡ. ಏರು ಸಣ್ಣದು, ನಿಧಾನಕ್ಕೆ ನಡೆದರೆ ಮಂಡಿಗೆ ತೊಂದರೆ ಆಗುವುದಿಲ್ಲ. ಮೊದಲು ಸಿಗುವ ದುಂಡನೆಯ ದಿಬ್ಬಕ್ಕೆ ಒತ್ತೆಯಾಳುಗಳ ದಿಬ್ಬ ಅಂತ ಹೆಸರು. ಒಳಗಿರುವುದು ಐದು ಸಾವಿರ ವರ್ಷದ ಹಿಂದಿನ ಗೋರಿ. ಕಂಬಿ ಬಾಗಿಲಿನಿಂದ ಇಣುಕಿದರೆ ಎಡಗಡೆ ಕಲ್ಲಿನ ಮೇಲೆ ಸುತ್ತುಸುತ್ತಾದ ಕೆತ್ತನೆ ಕಾಣುತ್ತದೆ. ಫೋನಿನ ಟಾರ್ಚ್ ಹಾಕಿ ತೋರಿಸಿ. ಇನ್ನೂ ಸ್ವಲ್ಪ ಮುಂದೆ ನೆಟ್ಟಗೆ ನಿಂತ ಒಂದು ಕಲ್ಲು. ಅದು ಲಿಯಾ ಫಾಲ್, ಪಟ್ಟದ ಕಲ್ಲು. ಸರಿಯಾದ ರಾಜ ಮುಟ್ಟಿದರೆ ಅದು ಕೂಗುತ್ತಿತ್ತು ಅಂತ ಕಥೆ. ನಿಮ್ಮ ಚಿಕ್ಕ ಮಗು ಮುಟ್ಟಿ ನೋಡದೆ ಬಿಡುವುದಿಲ್ಲ.

ಮಾವನಿಗೆ ಇಷ್ಟವಾಗುವ ಕಥೆ ಬೇರೆ. 1843ರ ಆಗಸ್ಟ್ 15ರಂದು ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಇದೇ ಗುಡ್ಡದಲ್ಲಿ ಸಭೆ ಕರೆದ. ಐರ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ವಾಪಸ್ ಬೇಕು ಅನ್ನುವುದು ಬೇಡಿಕೆ. ಸೇರಿದ ಜನ ಏಳೂವರೆ ಲಕ್ಷ ಅಂತ ಆ ಕಾಲದ ಅಂದಾಜು. ಮೈಕ್ ಇಲ್ಲದ ಕಾಲ. ದಿನಾಂಕ ನೋಡಿ, ಆಗಸ್ಟ್ 15. ನಿಮ್ಮ ಅತ್ತೆ ಮಾವ ಆ ದಿನ ಇಲ್ಲೇ ಇರುತ್ತಾರಲ್ಲ, ಅವತ್ತೇ ಒಮ್ಮೆ ಕರೆದುಕೊಂಡು ಹೋಗಿ. ಇನ್ನೊಂದು ವಿಚಿತ್ರ ಸಂಗತಿ ಉಂಟು. 1899ರಿಂದ 1902ರವರೆಗೆ ಕೆಲವರು ಬೈಬಲ್‌ನಲ್ಲಿ ಬರುವ ಪವಿತ್ರ ಪೆಟ್ಟಿಗೆ ಇಲ್ಲೇ ಹೂತಿದೆ ಅಂತ ನಂಬಿ ಗುಡ್ಡವನ್ನು ಅಗೆದರು. ಕವಿ ಯೇಟ್ಸ್ ಮತ್ತು ಇತರರು ಗಲಾಟೆ ಮಾಡಿ ವಿರೋಧಿಸಿದರು. ಪೆಟ್ಟಿಗೆ ಸಿಗಲಿಲ್ಲ, ದಿಬ್ಬಕ್ಕೆ ಆದ ಗಾಯ ಹಾಗೇ ಉಳಿಯಿತು.

ಅಲ್ಲಿ ಒಂದು ಮುಳ್ಳಿನ ಮರಕ್ಕೆ ಬಟ್ಟೆ ಚೂರು, ರಿಬ್ಬನ್ ಕಟ್ಟಿರುತ್ತಾರೆ. ನಮ್ಮ ಕಡೆ ಹರಕೆ ಕಟ್ಟುವ ಮರ ನೋಡಿದ ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪ್ಲಾಸ್ಟಿಕ್ ಕಟ್ಟುವುದು ಬೇಡ, ಮರಕ್ಕೆ ಕಷ್ಟ. ಗಾಳಿ ಮಾತ್ರ ಜೋರು. ಜೂನ್ ತಿಂಗಳಾದರೂ ಅವರಿಗೆ ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಕುರಿ ಮೇಯುವ ಜಾಗ, ಕೆಳಗೆ ನೋಡಿಕೊಂಡು ನಡೆಯಿರಿ.

ಎರಡನೆಯದು ಟ್ರಿಮ್. ಇದಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ನನಗೆ ಈ ಕೌಂಟಿಯಲ್ಲಿ ತುಂಬಾ ಇಷ್ಟವಾದ ಊರು ಇದೇ. ಐರ್ಲೆಂಡ್‌ನಲ್ಲಿ 12ನೇ ಶತಮಾನದಲ್ಲಿ ಇಂಗ್ಲೆಂಡ್ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ನರು ಕಟ್ಟಿದ ಕೋಟೆಗಳಲ್ಲೆಲ್ಲ ದೊಡ್ಡದು ಟ್ರಿಮ್ ಕೋಟೆ. ಹ್ಯೂ ಡಿ ಲೇಸಿ ಅನ್ನುವವನು 1170ರ ದಶಕದಲ್ಲಿ ಶುರು ಮಾಡಿದ, ಅವನ ಮಗ ವಾಲ್ಟರ್ ಮುಗಿಸಿದ. ನಡುವಿನ ದೊಡ್ಡ ಗೋಪುರ ಶಿಲುಬೆ ಆಕಾರದ್ದು, ಇಪ್ಪತ್ತು ಮುಖ. ಮಕ್ಕಳಿಗೆ ಎಣಿಸಲು ಹೇಳಿ, ಹತ್ತು ನಿಮಿಷ ಅವರ ಗಲಾಟೆ ಇರುವುದಿಲ್ಲ.

ಇಲ್ಲಿ ಹಣ ಉಳಿಸುವುದು ಹೇಗೆ ಅಂತ ಹೇಳುತ್ತೇನೆ. ಗೋಪುರದ ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಮೆಟ್ಟಿಲು ಕಿರಿದು, ಕಡಿದು. ಮಾವನಿಗೆ ಆ ಟಿಕೆಟ್ ತೆಗೆಸಬೇಡಿ. ನಿಮ್ಮವರು ದೊಡ್ಡ ಮಗುವನ್ನು ಕರೆದುಕೊಂಡು ಮೇಲೆ ಹೋಗಲಿ, ನೀವು ಉಳಿದವರನ್ನು ಕರೆದುಕೊಂಡು ಹೊಳೆ ದಾಟಿ ಆಚೆ ದಡಕ್ಕೆ ಹೋಗಿ. ಅಲ್ಲಿಂದ ಕೋಟೆ ಪೂರ್ತಿ ಕಾಣುತ್ತದೆ, ಬಾಯ್ನ್ ಹೊಳೆಯ ನೀರಲ್ಲಿ ನೆರಳು ಸಮೇತ. ಅದಕ್ಕೆ ಒಂದು ಸೆಂಟೂ ಬೇಡ. ಆ ದಡದಲ್ಲೇ ಊರಿನ ಹಳೇ ಕುರಿ ಬಾಗಿಲು ಇದೆ, ಸಂತೆಗೆ ಕುರಿ ತರುವವರಿಂದ ಅಲ್ಲೇ ಸುಂಕ ವಸೂಲಿ ಮಾಡುತ್ತಿದ್ದರು. ಪಕ್ಕದಲ್ಲಿ ಹಳದಿ ಗೋಪುರ ಅಂತ ಕರೆಯುವ ಮುರುಕು ಗೋಪುರ, ಸಂಜೆ ಬಿಸಿಲಿಗೆ ನಿಜಕ್ಕೂ ಹಳದಿಯಾಗುತ್ತದೆ.

ಅಲ್ಲಿಂದ ಹೊಳೆ ಪಕ್ಕ ನ್ಯೂಟೌನ್ ಅನ್ನುವ ಜಾಗಕ್ಕೆ ಕಾಲುದಾರಿ ಇದೆ. ನಡೆಯಲಾಗದವರನ್ನು ಕಾರಿನಲ್ಲಿ ಕರೆದುಕೊಂಡು ಬನ್ನಿ, ಐದು ನಿಮಿಷ. ಅಲ್ಲಿ ಹಳೇ ಕೆಥೆಡ್ರಲ್‌ನ ಗೋಡೆಗಳು ನಿಂತಿವೆ. ಅದರ ಪಕ್ಕದ ಸಣ್ಣ ಚರ್ಚಿನಲ್ಲಿ ಒಂದು ಸಮಾಧಿ. ಗಂಡ ಹೆಂಡತಿಯ ಕಲ್ಲಿನ ಮೂರ್ತಿ ಮಲಗಿದೆ, ನಡುವೆ ಒಂದು ಕತ್ತಿ. ಸರ್ ಲ್ಯೂಕಸ್ ಡಿಲನ್ ಮತ್ತು ಜೇನ್ ಬಾತ್, 16ನೇ ಶತಮಾನದವರು. ಊರಿನವರು ಅದಕ್ಕೆ ಇಟ್ಟ ಹೆಸರು ಹೊಟ್ಟೆಕಿಚ್ಚಿನ ಗಂಡ ಹೆಂಡತಿ. ಆ ಎರಡು ಮೂರ್ತಿಗಳ ಮಧ್ಯೆ ತುಕ್ಕು ಹಿಡಿದ ಗುಂಡುಸೂಜಿಗಳು ಬಿದ್ದಿರುತ್ತವೆ. ಮೈಮೇಲಿನ ನರೂಲಿಗೆ ಸೂಜಿ ತಾಗಿಸಿ ಅಲ್ಲಿ ಇಟ್ಟರೆ, ಸೂಜಿ ತುಕ್ಕು ಹಿಡಿದಂತೆ ನರೂಲಿ ಉದುರುತ್ತದೆ ಅನ್ನುವ ನಂಬಿಕೆ. ಮಕ್ಕಳು ಆ ಸೂಜಿ ಮುಟ್ಟದ ಹಾಗೆ ನೋಡಿಕೊಳ್ಳಿ. ಹೊಳೆಯ ಈಚೆ ರಸ್ತೆ ಪಕ್ಕ ಒಂದು ಗೇಟು ಇದೆ, ಎಕೋ ಗೇಟ್ ಅಂತಲೇ ಹೆಸರು. ಅಲ್ಲಿ ನಿಂತು ಆಚೆ ದಡದ ಗೋಡೆಗಳ ಕಡೆ ಕೂಗಿದರೆ ಮಾತು ಸ್ಪಷ್ಟವಾಗಿ ವಾಪಸ್ ಬರುತ್ತದೆ. ನಾನು ಕರೆದುಕೊಂಡು ಹೋದ ಒಬ್ಬ ಅಜ್ಜಿ ಮೊಮ್ಮಗನ ಹೆಸರನ್ನು ನಾಲ್ಕು ಸಲ ಕೂಗಿಸಿ ಕೇಳಿದ್ದರು. ಇಡೀ ಐರ್ಲೆಂಡ್ ಪ್ರವಾಸದಲ್ಲಿ ಅವರಿಗೆ ನೆನಪಿರುವುದು ಅದೇ.

ಈಗ ನಿಮ್ಮ ಮಾವನಿಗೆ ಅಂತಲೇ ಒಂದು ಜಾಗ. ಟ್ರಿಮ್ ಊರಿನೊಳಗೆ ಎತ್ತರದ ಕಲ್ಲಿನ ಕಂಬದ ಮೇಲೆ ಒಬ್ಬ ನಿಂತಿದ್ದಾನೆ. 1817ರಲ್ಲಿ ನಿಲ್ಲಿಸಿದ್ದು. ವಾಟರ್‌ಲೂ ಯುದ್ಧ ಗೆದ್ದ ವೆಲಿಂಗ್ಟನ್ ಡ್ಯೂಕ್. ಹಳೇ ಹೆಸರು ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಈತ ಇಂಗ್ಲಿಷ್ ಸೇನೆಯಲ್ಲಿದ್ದ. ಆಮೇಲೆ ಶ್ರೀರಂಗಪಟ್ಟಣದ ಆಡಳಿತ ಇವನ ಕೈಗೇ ಬಂತು. ದರಿಯಾ ದೌಲತ್‌ನಲ್ಲಿ ವಾಸವಿದ್ದ. ಟಿಪ್ಪು ಸತ್ತ ಮೇಲೆ ಬ್ರಿಟಿಷರ ವಿರುದ್ಧ ದಂಗೆ ಎದ್ದ ಧೋಂಡಿಯಾ ವಾಘನನ್ನು ಮುಂದಿನ ವರ್ಷ ಬೆನ್ನಟ್ಟಿ ಹೋಗಿ ಕೊಂದವನೂ ಇವನೇ. ಅವನ ಮನೆತನದ ಊರು ಇಲ್ಲೇ, ಟ್ರಿಮ್‌ಗೆ ಹತ್ತಿರದ ಡ್ಯಾಂಗನ್. ಟಿಪ್ಪು ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಇವನ ಅಣ್ಣ. ಆತ 1760ರಲ್ಲಿ ಹುಟ್ಟಿದ್ದೇ ಡ್ಯಾಂಗನ್‌ನಲ್ಲಿ. ಆರ್ಥರ್ ಭಾರತಕ್ಕೆ ಬರುವ ಮೊದಲು ಟ್ರಿಮ್ ಊರಿನಿಂದಲೇ ಐರಿಷ್ ಪಾರ್ಲಿಮೆಂಟಿಗೆ ಸದಸ್ಯನಾಗಿದ್ದ. ನಾನು ಮೊದಲ ಸಲ ಆ ಕಂಬದ ಕೆಳಗೆ ನಿಂತಾಗ ಮೈ ಜುಮ್ಮೆಂದಿತು. ನಮ್ಮೂರಿನ ಚರಿತ್ರೆಯ ಒಂದು ತುದಿ ಈ ಸಣ್ಣ ಪೇಟೆಯ ಬೀದಿಯಲ್ಲಿದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ನಿಮ್ಮ ದೊಡ್ಡ ಮಗುವಿಗೆ ಈ ಕಥೆಯನ್ನು ಅಜ್ಜನ ಬಾಯಲ್ಲೇ ಹೇಳಿಸಿ.

ಟ್ರಿಮ್‌ನಿಂದ ನ್ಯಾವನ್‌ಗೆ ವಾಪಸ್ ಬರುವ ದಾರಿಯಲ್ಲಿ ಬೆಕ್ಟಿವ್ ಮಠ. 1147ರಲ್ಲಿ ಸ್ಥಾಪನೆಯಾದದ್ದು. ಇದಕ್ಕೂ ಟಿಕೆಟ್ ಇಲ್ಲ. ಹೊಲದ ನಡುವೆ ನಿಂತಿದೆ, ಪಕ್ಕದಲ್ಲಿ ಬಾಯ್ನ್ ಹೊಳೆ, ಹಳೇ ಸೇತುವೆ. ಟ್ರಿಮ್ ಕೋಟೆ ಶುರು ಮಾಡಿದ ಡಿ ಲೇಸಿಯನ್ನು 1186ರಲ್ಲಿ ಒಬ್ಬ ಕೊಡಲಿಯಿಂದ ಹೊಡೆದು ಕೊಂದ. ಆಮೇಲೆ ಅವನ ಮೈಯನ್ನು ಬೆಕ್ಟಿವ್‌ನಲ್ಲಿ ಹೂತರು, ತಲೆಯನ್ನು ಡಬ್ಲಿನ್ನಿನ ಇನ್ನೊಂದು ಮಠಕ್ಕೆ ಕೊಟ್ಟರು. ಎರಡೂ ಮಠದವರು ವರ್ಷಗಟ್ಟಲೆ ಜಗಳವಾಡಿದರು, ಕೊನೆಗೆ 1205ರಲ್ಲಿ ಡಬ್ಲಿನ್ ಗೆದ್ದಿತು. ಹನ್ನೊಂದು ವರ್ಷದ ಮಗುವಿಗೆ ಈ ಕಥೆ ಬಹಳ ಇಷ್ಟವಾಗುತ್ತದೆ.

ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆರು ಜನ ಹೊರಗೆ ಊಟ ಮಾಡಿದರೆ ಇಡೀ ದಿನದ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಹಿರಿಯರಿಗೆ ಸಸ್ಯಾಹಾರವೂ ಎಲ್ಲ ಕಡೆ ಹೊಂದುವುದಿಲ್ಲ. ಚಿತ್ರಾನ್ನ, ಮೊಸರನ್ನ, ಪಲ್ಯ ಸುತ್ತಿದ ಚಪಾತಿ, ಫ್ಲಾಸ್ಕಿನಲ್ಲಿ ಟೀ. ಒಂದು ದಪ್ಪ ಚಾಪೆ ಕಾರಿನ ಡಿಕ್ಕಿಯಲ್ಲೇ ಇರಲಿ, ನೆಲ ಯಾವಾಗಲೂ ಒದ್ದೆ. ಮಾವನಿಗೆ ಮಡಚುವ ಕುರ್ಚಿ ಒಂದು ಕೊಳ್ಳಿ. ಮೂರು ತಿಂಗಳು ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಖರ್ಚು ಅದು. ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಒಂದೊಂದು ಬಿಸಿ ಕಾಫಿ, ನಡುವೆ ಎರಡು ಸ್ಕೋನ್ ಹಂಚಿಕೊಂಡರೆ ಹೊರಗೆ ಹೋದ ಖುಷಿಯೂ ಆಗುತ್ತದೆ.

ಇನ್ನು ನ್ಯೂಗ್ರೇಂಜ್. ಇದು ಹಣ ಕೊಟ್ಟು ನೋಡಬೇಕಾದ ಜಾಗ, ಕೊಟ್ಟ ಹಣಕ್ಕೆ ಮೋಸವಿಲ್ಲ. ಕ್ರಿಸ್ತಪೂರ್ವ ಸುಮಾರು 3200ರಲ್ಲಿ ಕಟ್ಟಿದ ಕಲ್ಲಿನ ಗೋರಿ, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯದು. ಒಳಗೆ 19 ಮೀಟರ್ ಉದ್ದದ ಕಿರಿದಾದ ದಾರಿ, ಕೊನೆಯಲ್ಲಿ ಕೋಣೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಮುಂದೆ ಚಾಚಿ ಜೋಡಿಸಿದ ಚಾವಣಿ, ಐದು ಸಾವಿರ ವರ್ಷ ಇಲ್ಲಿನ ಮಳೆಗೂ ಸೋರಿಲ್ಲ. ಡಿಸೆಂಬರ್‌ನ ಅತಿ ಸಣ್ಣ ಹಗಲಿನ ದಿನಗಳಲ್ಲಿ ಬಾಗಿಲ ಮೇಲಿನ ಸಣ್ಣ ಕಿಂಡಿಯಿಂದ ಬೆಳಗಿನ ಬಿಸಿಲು ನುಗ್ಗಿ ಕೋಣೆಯ ನೆಲ ಮುಟ್ಟುತ್ತದೆ. 1967ರ ಡಿಸೆಂಬರ್‌ನಲ್ಲಿ ಪ್ರೊಫೆಸರ್ ಮೈಕೆಲ್ ಓಕೆಲ್ಲಿ ಒಬ್ಬರೇ ಒಳಗೆ ಕೂತು ಕಾದು ಇದನ್ನು ಕಂಡರು. ಈಗ ಯಾವ ಕಾಲದಲ್ಲಿ ಹೋದರೂ ಗೈಡ್ ದೀಪ ಆರಿಸಿ, ಬಿಸಿಲಿನ ಬದಲು ಒಂದು ಲೈಟ್ ಬಿಟ್ಟು ತೋರಿಸುತ್ತಾರೆ. ಆ ಕತ್ತಲೆಯಲ್ಲಿ ಮಾತಾಡುತ್ತಿದ್ದ ಮಕ್ಕಳೂ ಸುಮ್ಮನಾಗಿಬಿಡುತ್ತಾರೆ.

ನೇರವಾಗಿ ಗೋರಿಯ ಹತ್ತಿರ ಕಾರಿನಲ್ಲಿ ಹೋದರೆ ಬಿಡುವುದಿಲ್ಲ. ಬ್ರೂ ನ ಬೋನ್ಯ ಅನ್ನುವ ಸಂದರ್ಶಕರ ಕೇಂದ್ರಕ್ಕೆ ಹೋಗಿ ಅಲ್ಲಿಂದ ಅವರ ಬಸ್ಸಿನಲ್ಲೇ ಹೋಗಬೇಕು. ಬೇಸಿಗೆಯಲ್ಲಿ ಟಿಕೆಟ್ ವಾರಗಳ ಮೊದಲೇ ಆನ್‌ಲೈನ್‌ನಲ್ಲಿ ಖಾಲಿ. ನಾನು ಮೊದಲ ವರ್ಷ ಆಗಸ್ಟ್ ತಿಂಗಳ ಭಾನುವಾರ ಬುಕ್ ಮಾಡದೆ ಅಮ್ಮನನ್ನು ಕರೆದುಕೊಂಡು ಹೋಗಿ ಬಾಗಿಲಿಂದಲೇ ವಾಪಸ್ ಬಂದೆ. ತಪ್ಪು ನನ್ನದೇ. ಅಮ್ಮ ಏನೂ ಅನ್ನಲಿಲ್ಲ, ಆದರೆ ಅವರು ಮತ್ತೆ ಬರಲು ಆಗಲೇ ಇಲ್ಲ. ಆದ್ದರಿಂದ ಇದೊಂದನ್ನು ಮೊದಲೇ ಮಾಡಿ ಅಂತ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮಾವನಿಗೆ ಬಗ್ಗಿ ನಡೆಯುವುದು ಕಷ್ಟವಾದರೆ ಅವರಿಗೆ ಕೇಂದ್ರದ ವಸ್ತುಪ್ರದರ್ಶನದ ಟಿಕೆಟ್ ಸಾಕು, ಅದು ಕಡಿಮೆ ಬೆಲೆಯದು. ಗೋರಿಯ ಕಥೆಯೆಲ್ಲ ಅಲ್ಲೇ ಗೊತ್ತಾಗುತ್ತದೆ.

ಸರ್ಕಾರದ ಹೆರಿಟೇಜ್ ಕಾರ್ಡ್ ಕೊಳ್ಳಬೇಕಾ ಅಂತ ಜನ ಕೇಳುತ್ತಾರೆ. ದೊಡ್ಡವರಿಗೆ 40 ಯೂರೊ, ಹಿರಿಯರಿಗೆ 30, ಒಂದು ಕುಟುಂಬಕ್ಕೆ 90. ಒಂದು ವರ್ಷ ನಡೆಯುತ್ತದೆ, ದೇಶದ ಉದ್ದಕ್ಕೂ ಸರ್ಕಾರ ನೋಡಿಕೊಳ್ಳುವ ಕೋಟೆ, ಮಠಗಳಿಗೆಲ್ಲ ಪ್ರವೇಶ. ಅತ್ತೆ ಮಾವನಿಗೆ ಬೇಡ ಅನ್ನುತ್ತೇನೆ. ಟ್ರಿಮ್ ಮತ್ತು ನ್ಯೂಗ್ರೇಂಜ್ ಎರಡಕ್ಕೇ ಆದರೆ ಅಷ್ಟು ಹಣ ವಸೂಲಾಗುವುದಿಲ್ಲ. ನೀವು ನಾಲ್ವರು ಮುಂದಿನ ವರ್ಷ ಕಿಲ್ಕೆನಿ ಕೋಟೆ, ರಾಕ್ ಆಫ್ ಕ್ಯಾಶೆಲ್ ಅಂತೆಲ್ಲ ಸುತ್ತುವ ಯೋಚನೆ ಇದ್ದರೆ ಕುಟುಂಬದ ಕಾರ್ಡ್ ಲಾಭ. ಇನ್ನೊಂದು, ಇಂಥ ಅನೇಕ ತಾಣಗಳಲ್ಲಿ ತಿಂಗಳ ಮೊದಲ ಬುಧವಾರ ಪ್ರವೇಶ ಉಚಿತ. ನರ್ಸುಗಳಿಗೆ ವಾರದ ನಡುವೆ ರಜೆ ಸಿಗುತ್ತದಲ್ಲ, ರೋಸ್ಟರ್ ಬಂದ ತಕ್ಷಣ ಅದನ್ನು ನೋಡಿ. ಹೋಗುವ ತಾಣ ಆ ಪಟ್ಟಿಯಲ್ಲಿದೆಯೇ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ.

ನ್ಯೂಗ್ರೇಂಜ್ ಟಿಕೆಟ್ ಸಿಗದಿದ್ದರೆ ಲಾಖ್‌ಕ್ರೂ ಇದೆ. ನಿಜ ಹೇಳಬೇಕೆಂದರೆ ನನಗೆ ಇದೇ ಇನ್ನೂ ಹತ್ತಿರ. ಓಲ್ಡ್‌ಕ್ಯಾಸಲ್ ಊರಿನ ಹತ್ತಿರ, ಮುಕ್ಕಾಲು ಗಂಟೆ ದಾರಿ. ಬೆಟ್ಟದ ತುದಿಯಲ್ಲಿ ಅದೇ ಕಾಲದ ಕಲ್ಲುಗುಡ್ಡೆ ಗೋರಿಗಳು. ಟಿಕೆಟ್ ಇಲ್ಲ, ಜನ ಕಡಿಮೆ. ಒಬ್ಬ ಮುದಿ ಮಾಟಗಾತಿ ಮಡಿಲಲ್ಲಿ ಕಲ್ಲು ತುಂಬಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಹಾರುವಾಗ ಚೆಲ್ಲಿದ ಕಲ್ಲುಗಳಿವು ಅಂತ ಕಥೆ. ಅವಳು ಕೂರುತ್ತಿದ್ದ ಕಲ್ಲಿನ ಕುರ್ಚಿಯೂ ಉಂಟು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳಲ್ಲಿ ಸೂರ್ಯೋದಯದ ಬೆಳಕು ದೊಡ್ಡ ಗೋರಿಯೊಳಗಿನ ಕೆತ್ತನೆಯ ಮೇಲೆ ಬೀಳುತ್ತದೆ. ಒಳಗೆ ಬಿಡದ ದಿನವೂ ಮೇಲಿಂದ ಕಾಣುವ ನೋಟಕ್ಕೇ ಹೋಗಬಹುದು. ಆದರೆ ಏರು ಕಡಿದು, ಮಾವ ಕೆಳಗೇ ಉಳಿಯಬೇಕು. ಕಾಲಿಗೆ ಗಟ್ಟಿ ಬೂಟು ಬೇಕು. ಇದು ನೀವು, ನಿಮ್ಮವರು, ಮಕ್ಕಳು ಮಾತ್ರ ಹೋಗುವ ದಿನ.

ಹಿರಿಯರಿಗೆ ಕೆಲ್ಸ್ ಸುಲಭ. 109 ಬಸ್ಸೇ ಹೋಗುತ್ತದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ದುಬಾರಿ ಟಿಕೆಟ್ ತೆಗೆದು ಜನ ನೋಡುವ, ಕೈಯಲ್ಲಿ ಬರೆದ ಹಳೇ ಚಿತ್ರಮಯ ಬೈಬಲ್ ಗ್ರಂಥ ಬುಕ್ ಆಫ್ ಕೆಲ್ಸ್ ಇದ್ದ ಮಠ ಈ ಊರಿನದು. ಚರ್ಚಿನ ಅಂಗಳಕ್ಕೆ ಹಣ ಕೊಡಬೇಕಿಲ್ಲ. ಸುಮಾರು 26 ಮೀಟರ್ ಎತ್ತರದ ದುಂಡು ಗೋಪುರ, ಕಲ್ಲಿನ ಶಿಲುಬೆಗಳು. ಶಿಲುಬೆಗಳ ಮೇಲೆ ಆದಾಮ ಹವ್ವ, ನೋಹನ ದೋಣಿ ಎಲ್ಲ ಚೌಕ ಚೌಕವಾಗಿ ಕೆತ್ತಿದ್ದಾರೆ. ಒಂದು ಶಿಲುಬೆ ಅರ್ಧಕ್ಕೇ ನಿಂತಿದೆ. ಶಿಲ್ಪಿ ಎಲ್ಲಿಂದ ಶುರು ಮಾಡುತ್ತಿದ್ದ, ಎಷ್ಟು ಕಲ್ಲು ಬಿಟ್ಟುಕೊಳ್ಳುತ್ತಿದ್ದ ಅಂತ ಅದರಲ್ಲೇ ಗೊತ್ತಾಗುತ್ತದೆ. ನಾನು ಪ್ರತಿ ಸಲ ಜಾಸ್ತಿ ಹೊತ್ತು ನಿಲ್ಲುವುದು ಅದರ ಮುಂದೆ. ಊರ ಹೊರಗಿನ ಪಾರ್ಕಿನಲ್ಲಿ 1791ರಲ್ಲಿ ಕಟ್ಟಿದ, ದೀಪಸ್ತಂಭದ ಆಕಾರದ ಗೋಪುರ ಇದೆ, ಸಮುದ್ರವೇ ಇಲ್ಲದ ಕಡೆ! ಒಬ್ಬ ಶ್ರೀಮಂತ ತನ್ನ ತಂದೆಯ ನೆನಪಿಗೆ ಕಟ್ಟಿಸಿದ್ದು, ಆಮೇಲೆ ಕುದುರೆ ಓಟ, ಬೇಟೆ ನೋಡಲು ಅದನ್ನು ಹತ್ತುತ್ತಿದ್ದರಂತೆ. ಅಲ್ಲೇ ಮಕ್ಕಳ ಆಟದ ಜಾಗವಿದೆ. ಪಕ್ಕದಲ್ಲಿ ಬರಗಾಲದಲ್ಲಿ ಸತ್ತ ಬಡವರ ಸ್ಮಶಾನ. ಅಲ್ಲಿ ಒಂದು ನಿಮಿಷ ನಿಂತು ಬನ್ನಿ.

ಸಮುದ್ರ ಬೇಕು ಅಂತ ಮಕ್ಕಳು ಹಟ ಮಾಡಿದರೆ ಲೇಟೌನ್. ಉದ್ದನೆ ಮರಳು ದಂಡೆ, ರೈಲ್ವೆ ಸ್ಟೇಷನ್ ಪಕ್ಕದಲ್ಲೇ. ಬೇಸಿಗೆಯಲ್ಲಿ ಲೈಫ್‌ಗಾರ್ಡ್ ಇರುವ ಜಾಗದಲ್ಲಷ್ಟೇ ನೀರಿಗಿಳಿಯಿರಿ. ಅದಕ್ಕೆ ಅಂಟಿಕೊಂಡ ಬೆಟಿಸ್‌ಟೌನ್ ದಡದಲ್ಲಿ 1850ರಲ್ಲಿ ಟಾರಾ ಬ್ರೋಚ್ ಅನ್ನುವ ಪುರಾತನ ಒಡವೆ ಸಿಕ್ಕಿತು. ಟಾರಾಕ್ಕೂ ಅದಕ್ಕೂ ಸಂಬಂಧವಿಲ್ಲ, ಕೊಂಡ ವ್ಯಾಪಾರಿ ಹೆಸರು ಇಟ್ಟಿದ್ದು. ಮಳೆ ದಿನ ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟ್ ಮ್ಯೂಸಿಯಂನಲ್ಲಿ ಅದನ್ನು ಪುಕ್ಕಟೆ ನೋಡಬಹುದು.

ಓಲ್ಡ್‌ಬ್ರಿಜ್ ಕೂಡ ಹಿರಿಯರಿಗೆ ಹೊಂದುತ್ತದೆ. 1690ರ ಬಾಯ್ನ್ ಯುದ್ಧ ನಡೆದ ಜಾಗ. ಪ್ರದರ್ಶನಕ್ಕೆ ಟಿಕೆಟ್ ಇದೆ, ತೋಟ ಮತ್ತು ಬಯಲು ಉಚಿತ. ದಾರಿ ಸಮತಟ್ಟು.

ಬಸ್ಸಿಗೆ ಎಲ್ಲರಿಗೂ ಲೀಪ್ ಕಾರ್ಡ್ (ಮೊದಲೇ ಹಣ ತುಂಬಿಸಿ ಬಳಸುವ ಪ್ರಯಾಣದ ಕಾರ್ಡ್) ಮಾಡಿಸಿ, ಚಿಲ್ಲರೆ ಕೊಡುವುದಕ್ಕಿಂತ ಅಗ್ಗ. ಹಿರಿಯರಿಗೆ ಬಸ್ಸು ಉಚಿತ ಅಂತ ಯಾರಾದರೂ ಹೇಳಿದರೆ, ಅದು ಇಲ್ಲೇ ನೆಲೆಸಿರುವ 66 ದಾಟಿದವರಿಗೆ ಮಾತ್ರ. ನಿಮ್ಮ ಅತ್ತೆ ಮಾವನಿಗೆ ಸಿಗುವುದಿಲ್ಲ. ಮಳೆ ಹಿಡಿದ ದಿನಗಳಿಗೆ ನ್ಯಾವನ್ ಲೈಬ್ರರಿ. ಸದಸ್ಯತ್ವ ಉಚಿತ, 2019ರಿಂದ ತಡವಾದರೆ ದಂಡವೂ ಇಲ್ಲ. ಈ ಜಾಗಗಳ ಕಥೆಪುಸ್ತಕ ಮಕ್ಕಳಿಗೆ ಅಲ್ಲೇ ಕೇಳಿ. ಬಾಯ್ನ್ ಹೊಳೆಯ ಜ್ಞಾನದ ಮೀನಿನ ಕಥೆಯಿಂದ ಶುರು ಮಾಡಿ. ಗುರುವಿಗೆ ಮೀನು ಬೇಯಿಸುತ್ತಿದ್ದ ಹುಡುಗ ಫಿನ್ ಬೆರಳು ಸುಟ್ಟುಕೊಂಡು ಬಾಯಿಗಿಟ್ಟ, ಲೋಕದ ಜ್ಞಾನವೆಲ್ಲ ಅವನಿಗೇ ಬಂತು. ಆ ಹೊಳೆ ನಿಮ್ಮ ಊರ ನಡುವೆಯೇ ಹರಿಯುತ್ತಿದೆ.

ಕೊನೆಗೆ ಒಂದು ಕೆಲಸ ಉಳಿಯುತ್ತದೆ, ಅದಕ್ಕೂ ಹಣ ಬೇಡ. ಡಿಸೆಂಬರ್ ಬೆಳಗ್ಗೆ ನ್ಯೂಗ್ರೇಂಜ್ ಒಳಗೆ ನಿಂತು ನಿಜವಾದ ಬಿಸಿಲು ನೋಡುವ ಕೆಲವೇ ಜನರನ್ನು ಪ್ರತಿ ವರ್ಷ ಲಾಟರಿ ಎತ್ತಿ ಆರಿಸುತ್ತಾರೆ. ಅರ್ಜಿ ಉಚಿತ. ಸಾವಿರಾರು ಜನ ಹಾಕುತ್ತಾರೆ, ನಾನೂ ಪ್ರತಿ ವರ್ಷ ಹಾಕುತ್ತೇನೆ. ನೀವೂ ಹಾಕಿ. ಅತ್ತೆ ಮಾವ ವಾಪಸ್ ಹೋದ ಮೇಲೆ ಸಿಕ್ಕರೂ ಸರಿ, ಅವತ್ತು ಬೆಳಗ್ಗೆ ದಾವಣಗೆರೆಗೆ ಫೋನ್ ಮಾಡಿ ಹೇಳಬಹುದು.